ಕಾಕಾಗೆ ಕೇಳ್ರಿ: ಹನ್ನೆರಡು ಫೈನಲ್, ಹನ್ನೆರಡು ಕಪ್

ಹೋದ ತಿಂಗಳು ಇದೇ ಪುಟದಲ್ಲಿ ಬೇರೆ ಏನೋ ಬರೆಯುತ್ತಾ ಒಂದು ಸಾಲು ಸೇರಿಸಿದ್ದೆ. ದಕ್ಷಿಣ ಕೊರಿಯಾದಲ್ಲಿ ಟೈಗರ್ಸ್ ಅಂತ ಒಂದು ಬೇಸ್‌ಬಾಲ್ ತಂಡ ಇದೆ, ಅದು 12 ಸಲ ಫೈನಲ್ ಆಡಿದೆ, 12 ಸಲವೂ ಗೆದ್ದಿದೆ ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಬರುತ್ತವೆ ಅಂದುಕೊಂಡಿರಲಿಲ್ಲ. ತೊಗರಿ ದರದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಈ ಸಲ ಪೂರ್ತಿ ಪುಟ ಈ ಹುಲಿಗಳಿಗೇ.

ಕಾಕಾ, ನಂದು ಕಿಯಾ ಗಾಡಿ, ಟ್ಯಾಕ್ಸಿ ಓಡಿಸ್ತೀನಿ. ಆ ತಂಡದ ಹೆಸರು ಕಿಯಾ ಟೈಗರ್ಸ್ ಅಂತ ಮೊಬೈಲ್‌ನಾಗ ನೋಡಿದೆ. ಇದೇ ಕಂಪನಿನಾ?
ಟ್ಯಾಕ್ಸಿ ಡ್ರೈವರ್, ಕಲಬುರಗಿ

ಇದೇ ಕಂಪನಿ ತಮ್ಮಾ. ಅವರ ಕಾರ್ಖಾನೆ ಇಲ್ಲೇ ಆಂಧ್ರದ ಪೆನುಕೊಂಡದ ಹತ್ತಿರವೂ ಇದೆ. ಆದರೆ ತಂಡ ಹುಟ್ಟಿದಾಗ ಅದಕ್ಕೆ ಈ ಹೆಸರು ಇರಲಿಲ್ಲ.

ಕೊರಿಯಾದಲ್ಲಿ ವೃತ್ತಿಪರ ಬೇಸ್‌ಬಾಲ್ ಶುರುವಾದದ್ದು 1982ರಲ್ಲಿ. ಆಗ ಆರೇ ತಂಡ. ಒಂದೊಂದು ಊರಿಗೆ ಒಂದು ತಂಡ, ಒಂದೊಂದು ತಂಡದ ಹಿಂದೆ ಒಂದು ಕಂಪನಿ. ದೇಗು ಊರಿನ ತಂಡ ಸ್ಯಾಮ್‌ಸಂಗ್ ಅವರದ್ದು. ನೈಋತ್ಯ ಮೂಲೆಯ ಗ್ವಾಂಗ್‌ಜು ಊರಿಗೆ ಸಿಕ್ಕಿದ್ದು ಹೇತೇ ಅನ್ನುವ ಕಂಪನಿ, ಬಿಸ್ಕೀಟು, ಚಾಕೊಲೇಟು, ಐಸ್‌ಕ್ರೀಮ್ ಮಾಡುವವರು. ಹೇತೇ ಅಂದರೆ ಅಲ್ಲಿನ ಹಳೆಯ ಕಥೆಗಳಲ್ಲಿ ಬರುವ ಒಂದು ಪ್ರಾಣಿ. ಬೆಂಕಿಯಿಂದ ಊರು ಕಾಯುತ್ತದೆ ಅಂತ ನಂಬಿಕೆ. ಸಿಯೋಲ್‌ನ ಅರಮನೆ ಮುಂದೆ ಅದರ ಕಲ್ಲಿನ ಮೂರ್ತಿಗಳನ್ನು ಇಟ್ಟಿದ್ದಾರೆ.

ಸ್ಯಾಮ್‌ಸಂಗ್ ಎದುರಿಗೆ ಬಿಸ್ಕೀಟಿನ ಕಂಪನಿ ಎಷ್ಟರದ್ದು ಹೇಳು? ಆದರೂ ಹೇತೇ ಟೈಗರ್ಸ್ 1983ರಲ್ಲಿ ಕಪ್ ಗೆದ್ದಿತು. ಆಮೇಲೆ 1986ರಿಂದ 1989ರವರೆಗೆ ಸತತ ನಾಲ್ಕು. ಮತ್ತೆ 1991, 1993, 1996, 1997. ಹದಿನೈದು ವರ್ಷದಲ್ಲಿ ಒಂಬತ್ತು ಕಪ್! ಒಂಬತ್ತನೆಯದು ಬಂದದ್ದು 1997ರ ಅಕ್ಟೋಬರ್‌ನಲ್ಲಿ. ಮರು ತಿಂಗಳೇ ಕಂಪನಿ ದಿವಾಳಿಯಾಯಿತು. ಅದು ಏಷ್ಯಾದ ಹಣಕಾಸು ಬಿಕ್ಕಟ್ಟಿನ ವರ್ಷ, ಕೊರಿಯಾದ ಎಷ್ಟೋ ಕಂಪನಿಗಳು ಒಂದರ ಹಿಂದೆ ಒಂದು ಬಿದ್ದವು. ತಂಡಕ್ಕೆ ಸಂಬಳ ಕೊಡುವುದೇ ಕಷ್ಟ ಅನ್ನುವ ಹೊತ್ತಿನಲ್ಲಿ ಒಳ್ಳೆಯ ಆಟಗಾರರು ಕೈಬಿಟ್ಟು ಹೋದರು. 2001ರ ಆಗಸ್ಟ್‌ನಲ್ಲಿ ತಂಡ ಕಿಯಾ ಕೈಗೆ ಬಂತು. ಆ ಕಿಯಾ ಕೂಡ 1997ರಲ್ಲೇ ಬಿದ್ದು, ಮರು ವರ್ಷ ಹ್ಯುಂಡೈ ಅದನ್ನು ಕೊಂಡಿತ್ತು. ಬಿದ್ದು ಎದ್ದವರೇ ಬಿದ್ದವರನ್ನು ಎತ್ತಿಕೊಂಡರು ಅನ್ನು.

ನಮ್ಮ ಓಣಿಯ ಕ್ರಿಕೆಟ್ ಹುಡುಗರಿಗೆ ಹಿಂದೆ ಒಂದು ಬಟ್ಟೆ ಅಂಗಡಿಯವರು ಟೀ ಶರ್ಟ್ ಕೊಡಿಸಿದ್ದರು. ವರ್ಷದೊಳಗೆ ಅಂಗಡಿ ಮುಚ್ಚಿತು. ಹುಡುಗರು ಆಮೇಲೂ ಎರಡು ವರ್ಷ ಅದೇ ಟೀ ಶರ್ಟ್ ಹಾಕಿಕೊಂಡು ಆಡಿದರು. ಒಗೆದು ಒಗೆದು ಬೆನ್ನ ಮೇಲಿನ ಅಂಗಡಿ ಹೆಸರು ಅರ್ಧ ಅಳಿಸಿ ಹೋಗಿತ್ತು, ಹೊಸದು ತರೋಣ ಅಂದರೆ ಬೇಡ ಕಾಕಾ ಅನ್ನುತ್ತಿದ್ದರು. ಗ್ವಾಂಗ್‌ಜುವಿನ ಹಳಬರೂ ಹಾಗೆಯೇ. ಕೆಂಪು ಅಂಗಿ, ಕಪ್ಪು ಪ್ಯಾಂಟಿನ ಹೇತೇ ದಿನಗಳು ಅವರಿಗೆ ಇವತ್ತಿಗೂ ಬೇಕು.

ಸರ್, ಮೂವತ್ತು ವರ್ಷ ಮಕ್ಕಳನ್ನು ಆಡಿಸಿದವನು ನಾನು. ದುಡ್ಡಿಲ್ಲದ ತಂಡ ಒಂಬತ್ತು ಕಪ್ ಗೆಲ್ಲುವುದು ಸುಮ್ನೆ ಆಗುವ ಕೆಲಸ ಅಲ್ಲ. ಗುಟ್ಟೇನು?
ನಿವೃತ್ತ ಪಿ.ಟಿ. ಮಾಸ್ತರ್, ಆಳಂದ

ಮಾಸ್ತರ್, ಉತ್ತರ ನಿಮ್ಮ ಕೈಯಲ್ಲೇ ಇದೆ. ಶಾಲೆಯ ಮೈದಾನ.

ಆಗ ಕೊರಿಯಾದಲ್ಲಿ ಒಂದು ನಿಯಮ ಇತ್ತು. ತನ್ನ ಸೀಮೆಯ ಹೈಸ್ಕೂಲುಗಳಲ್ಲಿ ಆಡಿ ಬೆಳೆದ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಹಕ್ಕು ಆಯಾ ಊರಿನ ತಂಡಕ್ಕೆ. ಗ್ವಾಂಗ್‌ಜು ಜೇಯಿಲ್ ಹೈಸ್ಕೂಲ್ ಅಂತ ಒಂದು ಶಾಲೆ ಇದೆ. 1929ರಲ್ಲಿ ಜಪಾನಿನ ಆಳ್ವಿಕೆಯ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಾಗ ಮುಂದೆ ನಿಂತ ಶಾಲೆ ಅದು. ಅದೇ ಶಾಲೆಯ ಹುಡುಗರು ಸುನ್ ದೊಂಗ್-ಯೊಲ್, ಲೀ ಜೊಂಗ್-ಬೊಮ್. ಮುಂದೆ ಅಮೆರಿಕಕ್ಕೆ ಹೋಗಿ ಆಡಿದ ಕಿಮ್ ಬ್ಯುಂಗ್-ಹ್ಯುನ್ ಕೂಡ ಅಲ್ಲಿಯವರೇ. ಒಂದೇ ಶಾಲೆ! ಕಂಪನಿಗೆ ದುಡ್ಡು ಕಮ್ಮಿ, ಮಣ್ಣಿಗೆ ಅಲ್ಲ.

ಎರಡನೆಯದು, ಕಿಮ್ ಉಂಗ್-ರ್ಯೊಂಗ್ ಅನ್ನುವ ಮ್ಯಾನೇಜರ್. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಮುಖ್ಯ ಕೋಚ್. ದೊಡ್ಡ ಮೈಕಟ್ಟು, ಅದಕ್ಕೇ ಆನೆ ಅಂತ ಅಡ್ಡಹೆಸರು. 1983ರಿಂದ 2000ದವರೆಗೆ 18 ಸೀಸನ್ ಒಬ್ಬರೇ ತಂಡ ನಡೆಸಿದರು. ಎರಡು ಸೋಲಿಗೆ ಕೋಚ್ ಬದಲಿಸುವ ಈ ಕಾಲದಲ್ಲಿ ಇದನ್ನು ಎರಡು ಸಲ ಓದಿಕೊಳ್ಳಿ. ಒಂಬತ್ತೂ ಕಪ್ ಅವರ ಕಾಲದಲ್ಲೇ ಬಂದವು.

ಇನ್ನು ಸುನ್ ದೊಂಗ್-ಯೊಲ್. ಈತ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. 9 ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವುದರ ಮೇಲೆ ಪಿಚರ್‌ನ ಅಳತೆ. ಫೀಲ್ಡರ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. ಆ ಸರಾಸರಿ 3ರೊಳಗೆ ಇದ್ದರೆ ಭಾರೀ ಪಿಚರ್ ಅನ್ನುತ್ತಾರೆ. ಸುನ್ ಅವರದ್ದು ಕೊರಿಯಾದಲ್ಲಿ ಆಡಿದ ಹನ್ನೊಂದು ವರ್ಷ ಸೇರಿಸಿ 1.20. 1ಕ್ಕಿಂತಲೂ ಕಮ್ಮಿ ಇದ್ದ ಸೀಸನ್‌ಗಳೂ ಉಂಟು: 1986ರಲ್ಲಿ 0.99, 1987ರಲ್ಲಿ 0.89, 1993ರಲ್ಲಿ 0.78. ಗೆದ್ದದ್ದು 146, ಸೋತದ್ದು ಬರೀ 40.

ಮಾಸ್ತರ್, ನಿಮಗೊಂದು ಪಂದ್ಯ ಹೇಳಲೇಬೇಕು. 1987ರ ಮೇ 16, ಬುಸಾನ್ ಮೈದಾನ. ಈ ಕಡೆ ಸುನ್, ಆ ಕಡೆ ಬುಸಾನಿನ ಚೋಯ್ ದೊಂಗ್-ವೊನ್. ಇಬ್ಬರೂ ಆ ಕಾಲದ ಕೊರಿಯಾಕ್ಕೆ ದೊಡ್ಡ ಹೆಸರು. 9 ಇನಿಂಗ್ಸ್ ಮುಗಿದರೂ ಸಮ. 10, 11, 12. ಇಬ್ಬರೂ ಚೆಂಡು ಕೆಳಗಿಡಲಿಲ್ಲ. 15 ಇನಿಂಗ್ಸ್ ಆಡಿ 2-2ಕ್ಕೆ ಪಂದ್ಯ ಡ್ರಾ ಆಯಿತು. ಚೋಯ್ ಎಸೆದದ್ದು 209 ಚೆಂಡು, ಸುನ್ 232. ಕ್ರಿಕೆಟ್ ಲೆಕ್ಕದಲ್ಲಿ 38 ಓವರ್ ದಾಟಿತು, ಒಬ್ಬನೇ, ಐದು ಗಂಟೆಯೊಳಗೆ. ಈಗಿನ ಪಿಚರ್‌ಗಳನ್ನು 100ರ ಹತ್ತಿರ ಬಂದರೆ ಕರೆದು ಕೂರಿಸುತ್ತಾರೆ, ಭುಜ ಉಳಿಯಬೇಕಲ್ಲ. ಇವತ್ತು ಯಾರೂ ತಮ್ಮ ಹುಡುಗನಿಂದ ಹಾಗೆ ಎಸೆಸಬಾರದು ಅನ್ನುವುದು ನನ್ನ ಮಾತು. ಆದರೂ ಆ ಪಂದ್ಯದ ಹಳೆಯ ತುಣುಕುಗಳನ್ನು ನೋಡುವಾಗ ಇಬ್ಬರ ಮೇಲೂ ಗೌರವ ಉಕ್ಕುತ್ತದೆ. ಚೋಯ್ 2011ರಲ್ಲಿ ತೀರಿಕೊಂಡರು, 53ನೇ ವಯಸ್ಸಿಗೆ.

ಬೇಸ್‌ಬಾಲ್ ಅಂದ್ರೆ ನಮ್ಮ ಕ್ರಿಕೆಟ್ ಥರಾನೇ ಅಲ್ವಾ?
ಓದುಗರು, ಬೀದರ್

ದಾಯಾದಿ ಅನ್ನಬಹುದು. ಚೆಂಡು ಪಿಚ್ ಬೀಳದೆ ನೇರ ಬರುತ್ತದೆ, ಬ್ಯಾಟು ಒನಕೆಯ ಹಾಗೆ ದುಂಡಗೆ. ಮೂರು ಒಳ್ಳೆಯ ಚೆಂಡು ಬಿಟ್ಟರೆ ಅಥವಾ ತಪ್ಪಿದರೆ ಔಟ್. ಮೂರು ಜನ ಔಟಾದರೆ ಸರದಿ ಬದಲು. ಹೀಗೆ 9 ಸುತ್ತು. ನಾಲ್ಕು ಮೂಲೆ ಸುತ್ತಿ ಮನೆಗೆ ಬಂದರೆ ಒಂದು ರನ್. ಚೆಂಡನ್ನು ಬೇಲಿ ಆಚೆ ಹೊಡೆದರೆ ಹೋಮ್ ರನ್. ಇಷ್ಟು ಗೊತ್ತಿದ್ದರೆ ಉಳಿದದ್ದು ನೋಡುತ್ತಾ ನೋಡುತ್ತಾ ಬರುತ್ತದೆ.

ಕಾಕಾ, ನಾನು ಕೊರಿಯನ್ ಧಾರಾವಾಹಿ ನೋಡುತ್ತೇನೆ. ಅದರಲ್ಲಿ ಗ್ವಾಂಗ್‌ಜು ಅಂದ ಕೂಡಲೇ 1980ರ ಮಾತು ಬರುತ್ತದೆ. ತಂಡಕ್ಕೂ ಅದಕ್ಕೂ ನಂಟಿದೆಯಾ?
ಎಂ.ಎ. ವಿದ್ಯಾರ್ಥಿನಿ, ಕಡಗಂಚಿ

ಇದೆ ಮಗಳೇ. ಈ ತಂಡದ ಬಗ್ಗೆ ನನಗೆ ಇಷ್ಟು ಹುಚ್ಚು ಹಿಡಿದದ್ದೇ ಆ ನಂಟಿನಿಂದ.

ಗ್ವಾಂಗ್‌ಜು ಇರುವುದು ಜೊಲ್ಲಾ ಅನ್ನುವ ಸೀಮೆಯಲ್ಲಿ. ಭತ್ತದ ಕಣಜ, ನಮ್ಮದು ತೊಗರಿ ಕಣಜ ಇದ್ದ ಹಾಗೆ. 1960, 70ರ ದಶಕದಲ್ಲಿ ಕೊರಿಯಾ ಕಾರ್ಖಾನೆ ಕಟ್ಟಿತು. ಉಕ್ಕು, ಹಡಗು, ಕಾರು, ಎಲ್ಲ ಜಾಸ್ತಿ ಹೋದದ್ದು ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಗೆ. ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರ ಊರು ಆ ಕಡೆಯೇ. ಜೊಲ್ಲಾದ ಹುಡುಗರು ಗಂಟು ಕಟ್ಟಿಕೊಂಡು ಸಿಯೋಲ್‌ಗೆ ಕೂಲಿಗೆ ಹೋದರು. ಕಲಬುರಗಿ, ಯಾದಗಿರಿಯಿಂದ ಮುಂಬೈ, ಪುಣೆ, ಬೆಂಗಳೂರಿಗೆ ಹೋಗುವ ರೈಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮಗೆ 371(ಜೆ) ಸಿಗುವುದಕ್ಕೆ ಎಷ್ಟು ವರ್ಷ ಹೋರಾಡಬೇಕಾಯಿತು ಅನ್ನುವುದೂ ನಿನಗೆ ಗೊತ್ತು.

1980ರ ಮೇ 18ರಂದು ಗ್ವಾಂಗ್‌ಜುವಿನ ವಿದ್ಯಾರ್ಥಿಗಳು ಮಿಲಿಟರಿ ಆಡಳಿತದ ವಿರುದ್ಧ ನಿಂತರು. ಸೈನ್ಯ ಹೊಡೆಯಿತು, ಆಮೇಲೆ ಗುಂಡು ಹಾರಿಸಿತು. ನೂರಾರು ಜನ ಸತ್ತರು. ಈ ಹತ್ತು ದಿನದ ಕಥೆಯಲ್ಲಿ ಮೇ 20ರ ಸಂಜೆ ನನ್ನನ್ನು ಬಿಡುವುದೇ ಇಲ್ಲ. (ಮೇಲೆ ಪ್ರಶ್ನೆ ಕೇಳಿದ ಟ್ಯಾಕ್ಸಿ ತಮ್ಮಾ, ಇದನ್ನು ನೀನೂ ಓದು.) ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಟ್ಯಾಕ್ಸಿ ಡ್ರೈವರುಗಳನ್ನೂ ಸೈನಿಕರು ಬಡಿದಿದ್ದರು. ಅವತ್ತು ಊರಿನ ಟ್ಯಾಕ್ಸಿಗಳೆಲ್ಲ ಒಂದು ಕಡೆ ಸೇರಿದವು. ಹೆಡ್‌ಲೈಟ್ ಹಾಕಿಕೊಂಡು, ಹಾರ್ನ್ ಒತ್ತುತ್ತಾ, ಬಸ್ಸು ಲಾರಿಗಳ ಜೊತೆ ಇನ್ನೂರು ಗಾಡಿಗಳು ಸಾಲಾಗಿ ದೊಡ್ಡ ರಸ್ತೆಯಲ್ಲಿ ಸೈನ್ಯದ ಎದುರಿಗೆ ಹೊರಟವು. ಅವು ಸೇರಿದ್ದು ಎಲ್ಲಿ ಗೊತ್ತಾ? ಮುದುಂಗ್ ಸ್ಟೇಡಿಯಂ ಮುಂದೆ. ಎರಡು ವರ್ಷದ ಮೇಲೆ ಹೇತೇ ಟೈಗರ್ಸ್ ಆಡತೊಡಗಿದ್ದು ಅದೇ ಸ್ಟೇಡಿಯಂನಲ್ಲಿ.

1982ರ ಮಾರ್ಚ್ 27ರಂದು ಸಿಯೋಲ್‌ನಲ್ಲಿ ಲೀಗ್‌ನ ಮೊದಲ ಪಂದ್ಯ. ಶುಭಾರಂಭದ ಚೆಂಡು ಎಸೆದದ್ದು ಅಧ್ಯಕ್ಷ ಚುನ್ ದೂ-ಹ್ವಾನ್. ಗ್ವಾಂಗ್‌ಜುಗೆ ಸೈನ್ಯ ಕಳಿಸಿದ ಆಡಳಿತದ ದಂಡನಾಯಕ ಅವರೇ. ಜನ ರಾಜಕೀಯ ಮರೆಯಲಿ, ಆಟ ನೋಡುತ್ತಾ ಇರಲಿ ಅನ್ನುವ ಲೆಕ್ಕವೂ ಅದರಲ್ಲಿತ್ತು ಅಂತ ಕೊರಿಯಾದವರೇ ಹೇಳುತ್ತಾರೆ. ಗ್ವಾಂಗ್‌ಜು ಜನ ಏನು ಮಾಡಿದರು? ಕೊಟ್ಟ ಆಟವನ್ನು ತಮ್ಮದೇ ಮಾಡಿಕೊಂಡರು. ಬೀದಿಯಲ್ಲಿ ನಾಲ್ಕು ಜನ ನಿಂತು ಸತ್ತವರ ಹೆಸರು ಹೇಳಿ ಅಳುವ ಹಾಗಿರಲಿಲ್ಲ. ಸ್ಟೇಡಿಯಂನಲ್ಲಿ ಸಾವಿರಾರು ಜನ ಕೂತು ಗಂಟಲು ಬಿಚ್ಚಿ ಕೂಗಬಹುದಿತ್ತು. ಪಂದ್ಯ ನಡೆಯುವಾಗ ಅವರು ಹಾಡುತ್ತಿದ್ದದ್ದು ಹುರುಪಿನ ಹಾಡಲ್ಲ. ಜೊಲ್ಲಾದ ಮೊಕ್ಪೊ ಬಂದರಿನ ಕಣ್ಣೀರಿನ ಹಾಡು, 1935ರದ್ದು, ಜಪಾನಿನ ಆಳ್ವಿಕೆಯ ಕಾಲದ್ದು. ಗೆಲ್ಲುತ್ತಿರುವಾಗಲೂ ಅದೇ ಹಾಡು.

ಮೇ 18ರಂದು ಗ್ವಾಂಗ್‌ಜುವಿನಲ್ಲಿ ಜನ ಸೇರಬಾರದು ಅಂತ ಆ ದಿನ ಅಲ್ಲಿ ಪಂದ್ಯ ಇಡುತ್ತಲೇ ಇರಲಿಲ್ಲ. 2000ದಲ್ಲಿ ಅದು ಬದಲಾಯಿತು. ಈಗ ಆ ದಿನ ಅಲ್ಲಿ ಪಂದ್ಯ ಇದ್ದರೆ ಡೋಲು, ಧ್ವನಿವರ್ಧಕ, ಚಿಯರ್ ಹುಡುಗಿಯರು ಯಾವುದೂ ಇರುವುದಿಲ್ಲ. ಬ್ಯಾಟಿಗೆ ಚೆಂಡು ತಾಗುವ ಸದ್ದು ಗ್ಯಾಲರಿಗೆ ಕೇಳಿಸುತ್ತದೆ.

ಸೀಮೆ ಸೀಮೆಯ ಸಿಟ್ಟು ಕೆಟ್ಟ ದಾರಿ ಹಿಡಿದದ್ದೂ ಉಂಟು. 1986ರ ಫೈನಲ್‌ನ ಮೂರನೇ ಪಂದ್ಯ ಸ್ಯಾಮ್‌ಸಂಗ್ ತಂಡದ ಊರು ದೇಗುನಲ್ಲಿ. ಹೇತೇ ಗೆದ್ದಿತು. ಹೊರಗೆ ನಿಂತಿದ್ದ ಅವರ ಬಸ್ಸಿಗೆ ಜನ ಬೆಂಕಿ ಹಚ್ಚಿದರು. ಬಸ್ಸು ಸುಟ್ಟು ಹೋಯಿತು. ಆ ವರ್ಷದ ಕಪ್ ಹೇತೇಗೇ ಬಂತು. ಆದರೆ ಬಸ್ಸು ಸುಟ್ಟದ್ದು ಆಟಕ್ಕೆ ಅಂಟಿದ ಮಸಿ. ಯಾವ ಕಡೆಯವರು ಮಾಡಿದರೂ ನನಗೆ ಹಿಡಿಸುವುದಿಲ್ಲ.

1997ರಲ್ಲಿ ಒಂಬತ್ತನೇ ಕಪ್ ಬಂದ ಎರಡೇ ತಿಂಗಳಿಗೆ ಜೊಲ್ಲಾದ ಮಗ ಕಿಮ್ ದೇ-ಜಂಗ್ ಅಧ್ಯಕ್ಷ ಚುನಾವಣೆ ಗೆದ್ದರು. 1980ರಲ್ಲಿ ಇದೇ ಗ್ವಾಂಗ್‌ಜು ದಂಗೆಯ ಆರೋಪ ಹೊರಿಸಿ ಮರಣದಂಡನೆ ವಿಧಿಸಿದ್ದ ಮನುಷ್ಯ.

ಫೈನಲ್‌ನಲ್ಲಿ ಸೋತೇ ಇಲ್ಲ ಅಂದರೆ ನಂಬೋದು ಕಷ್ಟ. ಹಂಗಾರ ಇವರಿಗೆ ಕೆಟ್ಟ ಕಾಲನೇ ಬಂದಿಲ್ಲೇನು?
ಕಿರಾಣಿ ವ್ಯಾಪಾರಿ, ಶಹಾಪುರ

ಬಂದಿದೆ ಸಾಹುಕಾರ್ರೇ, ಚೆನ್ನಾಗಿಯೇ ಬಂದಿದೆ. ಫೈನಲ್‌ಗೆ ಬಂದರೆ ಬಿಡುವುದಿಲ್ಲ, ಆದರೆ ಬರಬೇಕಲ್ಲ! 2005ರಲ್ಲಿ ಎಂಟು ತಂಡಗಳಲ್ಲಿ ಎಂಟನೆಯವರು. 2007ರಲ್ಲಿ ಮತ್ತೆ ಕೊನೆ. ಹೇತೇ ಕಾಲದಲ್ಲಿ ಒಮ್ಮೆಯೂ ಕೊನೆಗೆ ಬಿದ್ದವರಲ್ಲ. ಹನ್ನೆರಡು ವರ್ಷ ಕಪ್ ಮುಖ ನೋಡಲಿಲ್ಲ.

ಆಮೇಲೆ 2009. ಕೊರಿಯಾದ ಫೈನಲ್ ಅಂದರೆ ಒಂದು ಪಂದ್ಯ ಅಲ್ಲ, ಏಳರಲ್ಲಿ ನಾಲ್ಕು ಗೆಲ್ಲಬೇಕು. ಎಸ್‌ಕೆ ತಂಡದ ಜೊತೆ 3-3 ಆಗಿ ಏಳನೇ ಪಂದ್ಯಕ್ಕೆ ಬಂತು. ಅಕ್ಟೋಬರ್ 24, ಸಿಯೋಲ್‌ನ ಜಾಮ್‌ಸಿಲ್ ಮೈದಾನ. ಕಿಯಾ 1-5ರಿಂದ ಹಿಂದೆ. ಆರನೇ ಇನಿಂಗ್ಸ್‌ನಲ್ಲಿ ನಾ ಜಿ-ವಾನ್ ಅನ್ನುವ ಹುಡುಗ ಎರಡು ರನ್ನಿನ ಹೋಮ್ ರನ್ ಹೊಡೆದ. ಏಳರಲ್ಲಿ 5-5. ಒಂಬತ್ತನೆಯ ಇನಿಂಗ್ಸ್, ಕೊನೆಯ ಸರದಿ. ಮತ್ತೆ ನಾ ಜಿ-ವಾನ್ ಬಂದ. ಚೆಂಡು ಎಡಗಡೆ ಗ್ಯಾಲರಿಗೆ ಹೋಯಿತು, ಕಪ್ ಬಂತು. ಏಳನೇ ಪಂದ್ಯದ ಕೊನೆಯ ಹೊಡೆತವೇ ಹೋಮ್ ರನ್ ಆಗಿ ಕಪ್ ತಂದದ್ದು ಕೊರಿಯಾದಲ್ಲಿ ಅದೇ ಮೊದಲು. ಅವನು ಮೂಲೆ ಮೂಲೆ ಸುತ್ತಿ ಬರುವಷ್ಟರಲ್ಲಿ ತಂಡದವರೆಲ್ಲ ಮೈದಾನಕ್ಕೆ ಓಡಿ ಬಂದಿದ್ದರು. ಆ ಗುಂಪಿನಲ್ಲಿ 39 ವರ್ಷದ ಲೀ ಜೊಂಗ್-ಬೊಮ್ ಮಗುವಿನ ಹಾಗೆ ಅಳುತ್ತಿದ್ದರು. ಹೇತೇ ಕಾಲದ ಕೊನೆಯ ಕಪ್ಪಿನಲ್ಲೂ ಅವರಿದ್ದರು, ಕಿಯಾದ ಮೊದಲ ಕಪ್ಪಿನಲ್ಲೂ ಅವರೇ ಇದ್ದರು. ಆ ತುಣುಕು ನಾನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲ ಗಂಟಲು ಕಟ್ಟುತ್ತದೆ.

2017ರಲ್ಲಿ ದೂಸಾನ್ ತಂಡವನ್ನು 4-1ರಿಂದ ಸೋಲಿಸಿದರು. ಗ್ವಾಂಗ್‌ಜುವಿನವನೇ ಆದ ಯಾಂಗ್ ಹ್ಯೊನ್-ಜೊಂಗ್ ಎರಡನೇ ಪಂದ್ಯ ಪೂರ್ತಿ ತಾನೇ ಎಸೆದು 1-0ಯಿಂದ ಗೆಲ್ಲಿಸಿದ. ಕೊನೆಯ ಪಂದ್ಯದ ಕೊನೆಯ ಇನಿಂಗ್ಸ್‌ಗೂ ಅವನೇ ಬಂದ. ಅದೇ ಕೊನೆಯ ಪಂದ್ಯದಲ್ಲಿ ಒಂದೇ ಹೊಡೆತಕ್ಕೆ ನಾಲ್ಕು ರನ್ ತಂದವರು ಲೀ ಬೊಮ್-ಹೋ. ಈ ಹೆಸರು ನೆನಪಿಟ್ಟುಕೊಳ್ಳಿ. 2024ರ ಫೆಬ್ರುವರಿಯಲ್ಲಿ ಅವರೇ ಮ್ಯಾನೇಜರ್ ಆದರು, ಅದೇ ವರ್ಷ ಹನ್ನೆರಡನೇ ಕಪ್.

ಇಲ್ಲಿ ಒಂದು ಸಂಕಟದ ಮಾತಿದೆ. ಮುದುಂಗ್ ಸ್ಟೇಡಿಯಂ ಸಣ್ಣದು. ಸಣ್ಣ ಮೈದಾನದ ಊರುಗಳು ಫೈನಲ್‌ಗೆ ಬಂದರೆ ಕೊನೆಯ ಪಂದ್ಯಗಳನ್ನು ಸಿಯೋಲ್‌ನಲ್ಲೇ ಆಡಿಸುವ ನಿಯಮ ಬಹಳ ವರ್ಷ ಇತ್ತು. ಹಾಗಾಗಿ ಮೊದಲ 11 ಕಪ್‌ಗಳಲ್ಲಿ ಗ್ವಾಂಗ್‌ಜು ಜನ ತಮ್ಮ ಊರಲ್ಲಿ, ಕಣ್ಣಾರೆ ಗೆದ್ದದ್ದನ್ನು ನೋಡಿದ್ದು ಒಂದೇ ಒಂದು ಸಲ, 1987ರಲ್ಲಿ. ಉಳಿದವು ಟಿವಿಯಲ್ಲಿ, ಇಲ್ಲ ಬಸ್ಸು ಹತ್ತಿ ಬೇರೆ ಊರಿಗೆ, ಹೆಚ್ಚಾಗಿ ಸಿಯೋಲ್‌ಗೆ, ಹೋದವರಿಗೆ. ನಮಗೆ ಇದು ಅರ್ಥ ಆಗುತ್ತದೆ. 2022ರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಮಹಾರಾಜ ಟ್ರೋಫಿ ಗೆದ್ದಾಗ ಫೈನಲ್ ನಡೆದದ್ದು ಬೆಂಗಳೂರಿನಲ್ಲಿ. ಹೆಸರು ನಮ್ಮದು, ಕುಣಿದದ್ದು ನಾವು ಟಿವಿ ಮುಂದೆ.

2014ರಲ್ಲಿ ಗ್ವಾಂಗ್‌ಜುಗೆ ಹೊಸ ಸ್ಟೇಡಿಯಂ ಬಂತು, ಹಳೆಯದರ ಪಕ್ಕದಲ್ಲೇ. 2024ರ ಅಕ್ಟೋಬರ್ 28ರಂದು ಅಲ್ಲೇ ಐದನೇ ಪಂದ್ಯ, ಎದುರಿಗೆ ಹಳೆಯ ಸ್ಯಾಮ್‌ಸಂಗ್. ಮತ್ತೆ 1-5ರಿಂದ ಹಿಂದೆ, ಮತ್ತೆ ಎದ್ದು 7-5. 37 ವರ್ಷದ ಮೇಲೆ ಊರಲ್ಲೇ ಕಪ್. 1987ರಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದವರು 2024ರಲ್ಲಿ ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾರೆ ಅಲ್ವಾ?

ಮರು ವರ್ಷ ಹತ್ತು ತಂಡಗಳಲ್ಲಿ ಎಂಟನೇ ಸ್ಥಾನಕ್ಕೆ ಇಳಿದರು. ಅದೂ ಈ ತಂಡದ ರೀತಿಯೇ.

ಅಮೆರಿಕದಲ್ಲಿ ಆಡುವ ಲೀ ಜಂಗ್-ಹೂ ಈ ತಂಡದವನಾ?
ಪಿಯುಸಿ ವಿದ್ಯಾರ್ಥಿನಿ, ಸುರಪುರ

ಈ ತಂಡದ ಮನೆಮಗ ಅನ್ನಬಹುದು, ಆಡಿದ್ದು ಮಾತ್ರ ಬೇರೆ ತಂಡಕ್ಕೆ. ಮೇಲೆ ಅಳುತ್ತಿದ್ದರು ಅಂದೆನಲ್ಲ, ಆ ಲೀ ಜೊಂಗ್-ಬೊಮ್ ಅವರ ಮಗ. ಅಪ್ಪನಿಗೆ ಕೊರಿಯಾದಲ್ಲಿ ಗಾಳಿಯ ಮಗ ಅಂತ ಹೆಸರು, 1994ರ ಒಂದೇ ಸೀಸನ್‌ನಲ್ಲಿ 84 ಬೇಸ್ ಕದ್ದವರು. ಬೇಸ್ ಕದಿಯುವುದು ಅಂದರೆ ಪಿಚರ್ ಚೆಂಡು ಎಸೆಯುವಷ್ಟರಲ್ಲಿ ಮುಂದಿನ ಮೂಲೆಗೆ ಓಡಿಬಿಡುವುದು. ನಮ್ಮ ಹನುಮಪ್ಪನ ಥರ ಗಾಳಿಯ ಮಗ ನೋಡು! ಹಾಗಾಗಿ ಈ ಹುಡುಗನನ್ನು ಗಾಳಿಯ ಮೊಮ್ಮಗ ಅನ್ನುತ್ತಾರೆ. ಅಪ್ಪ ಜಪಾನಿನಲ್ಲಿ ಆಡುತ್ತಿದ್ದಾಗ ನಗೋಯಾದಲ್ಲಿ ಹುಟ್ಟಿದ. 2023ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಆರು ವರ್ಷಕ್ಕೆ 11.3 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಟೈಗರ್ಸ್‌ನ ಈಗಿನ ಹುಡುಗ ಬೇಕಾದರೆ ಕಿಮ್ ದೊ-ಯೊಂಗ್‌ನನ್ನು ನೋಡು. ಗ್ವಾಂಗ್‌ಜುವಿನಲ್ಲೇ ಹುಟ್ಟಿದವನು. 2024ರಲ್ಲಿ 38 ಹೋಮ್ ರನ್, 40 ಬೇಸ್. ಆಗ ವಯಸ್ಸು 20.

ಕಾಕಾ, ನಾವು ಹದಿನಾಲ್ಕು ಮಂದಿ ಹುಡುಗರು ಇದ್ದೀವಿ. ಬೇಸ್‌ಬಾಲ್ ಆಡಬೇಕು ಅನಿಸ್ತದ. ಸಾಮಾನು ಇಲ್ಲ.
ಹೈಸ್ಕೂಲ್ ಹುಡುಗರು, ಸೇಡಂ

ಹದಿನಾಲ್ಕು ಸಾಕಪ್ಪಾ, ಏಳೇಳು ಹಂಚಿಕೊಳ್ಳಿ. ಗಟ್ಟಿ ಚೆಂಡು ಬೇಡ, ಕೈಗವಸು ಇಲ್ಲದೆ ಬೆರಳು ಮುರಿಯುತ್ತದೆ. ಟೆನಿಸ್ ಚೆಂಡು ತಗೊಳ್ಳಿ. ಬ್ಯಾಟಿಗೆ ಹಳೆಯ ಗುದ್ದಲಿ ಕಾವು ಬಡಗಿ ಹತ್ತಿರ ಒಯ್ದು ನಯ ಮಾಡಿಸಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ, ಕೈ ಜಾರಬಾರದು. ನಾಲ್ಕು ಮೂಲೆಗೆ ಸಿಮೆಂಟಿನ ಖಾಲಿ ಚೀಲ ಮಡಚಿ ಹೊಲಿಯಿರಿ, ಒಳಗೆ ಸ್ವಲ್ಪ ಮಣ್ಣು. ದೊಡ್ಡವರ ಆಟದಲ್ಲಿ ಮೂಲೆಯಿಂದ ಮೂಲೆಗೆ 90 ಅಡಿ, ನೀವು 60 ಇಡಿ. ಪಿಚರ್ ನಿಲ್ಲುವುದು ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪ ಹತ್ತಿರ. ಬ್ಯಾಟ್ ಬೀಸುವವನ ಹಿಂದೆ ಯಾರೂ ನಿಲ್ಲಬೇಡಿ, ಚೆಂಡು ಹಿಡಿಯುವವನು ಒಬ್ಬನೇ, ಅವನೂ ದೂರದಲ್ಲಿ.

ನೋಡಿ ಕಲಿಯಬೇಕು ಅಂದರೆ ಅವರ ವಾರದ ದಿನದ ಪಂದ್ಯ ಸಂಜೆ ಆರೂವರೆಗೆ ಶುರು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3. ಶಾಲೆ ಬಿಟ್ಟು ಮನೆಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಆರನೇ ಇನಿಂಗ್ಸ್ ನಡೆಯುತ್ತಿರುತ್ತದೆ. ಮೈದಾನ ಗುರುತು ಹಾಕಿದ ಮೇಲೆ ಒಂದು ಫೋಟೊ ಕಳಿಸಿ, ಮೂಲೆ ಸರಿ ಇದೆಯೋ ಇಲ್ಲವೋ ಹೇಳುತ್ತೇನೆ.